ಕಿವಿಯಲ್ಲಿ ಎಣಿಸಿದ ಹಕ್ಕಿಗಳು

ಹಕ್ಕಿ ಎಣಿಸುವುದು ಏನು ಮಹಾ ವಿದ್ಯೆ? ಹಪ್ಪಳ ಎಣಿಸಿದವಳಿಗೆ, ಬಾಳೆಎಲೆ ಎಣಿಸಿದವಳಿಗೆ, ಪಂಕ್ತಿಯಲ್ಲಿ ಕೂತವರ ತಲೆಯನ್ನು ಬಾಗಿಲ ಸಂದಿಯಿಂದಲೇ ಎಣಿಸಿ ಅಕ್ಕಿ ಅಳೆದವಳಿಗೆ ಹಕ್ಕಿ ಯಾವ ಲೆಕ್ಕ? ಹೀಗೆಂದು ನಾನು ತಿಳಿದುಕೊಂಡಿದ್ದೆ. ಮೊಮ್ಮಕ್ಕಳೇ, ನಿಮ್ಮಜ್ಜಿ ಊರ ಶಾಲೆಯಲ್ಲಿ ಏಳನೆಯ ಇಯತ್ತೆ ಓದಿದವಳು. ಲೆಕ್ಕದಲ್ಲಿ ಎಂದೂ ತಪ್ಪಿದವಳಲ್ಲ. ಎದ್ದು ನಿಂತು ಉತ್ತರ ಹೇಳು ಎಂದರೆ ಮಾತ್ರ ಸ್ಲೇಟಿನ ಹಿಂದೆ ಮುಖ ಮುಚ್ಚಿಕೊಳ್ಳುತ್ತಿದ್ದೆ. ಉತ್ತರ ಗೊತ್ತಿದ್ದೂ ಬೆಂಚಿನ ಮೇಲೆ ನಿಂತವರ ಪೈಕಿ ನಾನು ಮೊದಲನೆಯವಳು!

ಇದು ನೀವು ಹುಟ್ಟುವ ಮೊದಲಿನ ಮಾತು. ನಮ್ಮ ಹೆಗ್ಗರಣೆ ಕಡೆಗೆ ಟೆಲಿಫೋನಿನ ಕಂಬಗಳು ಆಗಷ್ಟೇ ಬಂದಿದ್ದವು. ನಿಮ್ಮಜ್ಜ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಆ ಚಳಿಗಾಲ ಶಿರಸಿಯ ಹಕ್ಕಿಪ್ರಿಯರ ಗುಂಪೊಂದು ಹಿತ್ತಲ ಹಕ್ಕಿಗಳ ಸ್ಪರ್ಧೆ ಏರ್ಪಡಿಸಿತು. ಪುಷ್ಯಮಾಸದ ಒಂದು ವಾರ ತಂತಮ್ಮ ಹಿತ್ತಲಿನಲ್ಲಿ ಎಷ್ಟು ಜಾತಿಯ ಹಕ್ಕಿ ಕಂಡಿತು, ಅಥವಾ ಕೂಗಿದ್ದು ಕೇಳಿತು ಎಂದು ಲೆಕ್ಕ ಇಡಬೇಕು. ಕೊನೆಯ ದಿನ ಗುಂಪಿನವರು ಬಂದು ಪರಿಶೀಲಿಸುತ್ತಾರೆ. ಇದು ಸ್ನೇಹಪೂರ್ವಕ ಸ್ಪರ್ಧೆ ಎಂದು ಕರಪತ್ರದಲ್ಲಿ ಎರಡು ಕಡೆ ಅಚ್ಚಾಗಿತ್ತು. ಎರಡು ಸಲ ಹೇಳಬೇಕಾಗಿ ಬಂದಾಗಲೇ ನಮಗೆ ಅನುಮಾನ ಬರಬೇಕಿತ್ತು.

ಪಕ್ಕದ ಮನೆಯ ತಿಮ್ಮಣ್ಣ ಭಾವ ನಿಮ್ಮಜ್ಜನ ದೊಡ್ಡಪ್ಪನ ಮಗ, ನಿವೃತ್ತ ಹೆಡ್ ಮಾಸ್ತರು. ಅವರು ಸ್ಪರ್ಧೆಗಾಗಿ ಮಿಲಿಟರಿಯಲ್ಲಿದ್ದ ಷಡ್ಡಕನಿಂದ ದುರ್ಬೀನು ತರಿಸಿದರು. ತಲೆಗೆ ಟೊಪ್ಪಿ, ಕೊರಳಿಗೆ ಮಫ್ಲರು, ಕೈಯಲ್ಲಿ ಹಕ್ಕಿಗಳ ಪುಸ್ತಕ. ಹಕ್ಕಿಗಳೇ ಪರೀಕ್ಷೆಗೆ ಕೂತಿವೆ, ತಾವು ಮೇಲ್ವಿಚಾರಣೆಗೆ ಬಂದಿದ್ದೇವೆ ಎಂಬಂಥ ಗಾಂಭೀರ್ಯ.

ನಾನೂ ಹೆಸರು ಕೊಟ್ಟೆನೆಂದು ತಿಳಿದದ್ದೇ ಬೇಲಿಯ ಹತ್ತಿರ ಬಂದರು. ನಾನು ಎಂದಿನಂತೆ ಬಚ್ಚಲಮನೆಯ ಕಿಟಕಿಯ ಹಿಂದಿದ್ದೆ.

"ಏ ಮಾದೇವಿ, ನೀನೂ ಹೆಸರು ಕೊಟ್ಟಿದ್ಯಡ! ನಿಂಗೆ ಕಾಕೆ, ಗುಬ್ಬಿ ಬಿಟ್ರೆ ಎಂತ ಹಕ್ಕಿ ಗೊತ್ತಿದ್ದೇ?"

ಅವರ ಹೆಂಡತಿ ಪಾರ್ವತಕ್ಕ ಹಿಂದಿನಿಂದ ಸೇರಿಸಿದಳು. "ನಾಕು ಜನರ ಎದುರಿಗೆ ಮಾದೇವಿಗೆ ಮಾತೇ ಬತ್ತಿಲ್ಲೆ. ಹಕ್ಕಿ ಎಂತ ಎಣಿಸ್ತು!"

ಇಷ್ಟಕ್ಕೇ ನಿಂತಿದ್ದರೆ ನಾನು ನೀರು ಕಾಯಿಸಿಕೊಂಡು ಸುಮ್ಮನಿರುತ್ತಿದ್ದೆ. ಪಾರ್ವತಕ್ಕ ಮುಂದುವರಿಸಿದಳು. "ಉಪ್ಪಿನಕಾಯಿಗೇ ಕೈಗುಣ ಇಲ್ಲೆ, ಪಾಪ."

ಅದು ನನಗೆ ನಾಟಿತು. ನಮ್ಮ ಬೇಲಿಯ ಆಚೆ ಭಾವನ ಅಪ್ಪೆಮಾವಿನ ಮರವಿತ್ತು. ಅದರ ಮಿಡಿಯ ಪರಿಮಳ ಸಿದ್ದಾಪುರ ಪೇಟೆಯವರೆಗೂ ಪ್ರಸಿದ್ಧ. ಪ್ರತಿವರ್ಷ ಅವರು ತೊಟ್ಟು ಸಮೇತ ಕೊಯ್ಯಿಸಿದ ಮಿಡಿಯನ್ನು ತಾವಿಟ್ಟುಕೊಂಡು, ನೆಲಕ್ಕೆ ಬಿದ್ದದ್ದನ್ನು ಬುಟ್ಟಿಯಲ್ಲಿ ತುಂಬಿ ನನಗೆ ಕಳಿಸುತ್ತಿದ್ದರು. ಬಿದ್ದ ಮಿಡಿಗೆ ಒಳಗೇ ಪೆಟ್ಟಾಗಿರುತ್ತದೆ. ಯಾವ ಬ್ರಹ್ಮ ಉಪ್ಪು ಹಾಕಿದರೂ ಚೌತಿಯ ಹೊತ್ತಿಗೆ ಮೆತ್ತಗಾಗಿ ಲೋಳೆ ಬಿಡುತ್ತದೆ. ಹಾಗಾಗಿ ಮಾದೇವಿಯ ಉಪ್ಪಿನಕಾಯಿ ಉಳಿಯುವುದಿಲ್ಲ ಎಂಬ ಅಪಖ್ಯಾತಿ ಊರಲ್ಲೆಲ್ಲ ಹಬ್ಬಿತ್ತು. ಒಂದು ವರ್ಷ, ಒಂದೇ ಒಂದು ವರ್ಷ ಕೊಯ್ದ ಮಿಡಿ ಸಿಕ್ಕಿದ್ದರೆ!

ಕಿಟಕಿಯೊಳಗಿಂದ ಯಾರೋ ಕೂಗಿದರು. "ಹಾಂಗಾರೆ ಪಂಥ ಕಟ್ಟಿ ಭಾವ! ಆನು ಗೆದ್ರೆ ಈ ವರ್ಷ ಮರದ ಮಿಡಿ ಪೂರಾ ಯಂಗೆ. ಕೊಯ್ಸಿದ್ದು, ಬಿದ್ದದ್ದಲ್ಲ!"

ಕೂಗಿದವಳು ನಾನೇ ಎಂದು ಗೊತ್ತಾಗುವಾಗ ತಡವಾಗಿತ್ತು.

"ಸೋತ್ರೆ?" ಎಂದರು ಭಾವ.

"ನಿಂಗ್ಳ ಮನೆ ಉಪ್ಪಿನಕಾಯಿ ಪೂರಾ ಆನೇ ಹಾಕಿಕೊಡ್ತೆ."

"ಮಗಳ ಮನೆದೂ ಸೇರಿ!" ಎಂದಳು ಪಾರ್ವತಕ್ಕ. ಅವಳು ಯಾವ ವ್ಯವಹಾರದಲ್ಲೂ ಮಗಳನ್ನು ಮರೆತವಳಲ್ಲ.

ಮರುದಿನ ಬೆಳಗಿನಿಂದ ಕಾರ್ಯಾರಂಭ. ನನ್ನ ವಿಧಾನ ಸರಳವಾಗಿತ್ತು. ಚಳಿಯಲ್ಲಿ ಹೊರಗೆ ಹೋಗಿ ನಿಲ್ಲುವುದೇಕೆ? ಬಚ್ಚಲ ಒಲೆಯ ಮುಂದೆ ಬೆಚ್ಚಗೆ ಕೂತು ಕಿವಿ ತೆರೆದಿಟ್ಟರೆ ಸಾಕು. ಅಪ್ಪೆಮರದ ಒಂದು ಕೊಂಬೆ ಬೇಲಿ ದಾಟಿ ನಮ್ಮ ಬಚ್ಚಲ ಹಂಚಿನ ಮೇಲೆಯೇ ಚಾಚಿತ್ತು. ಹೊರಗೆ ಮಂಜಿನಲ್ಲಿ ಏನೂ ಕಾಣದು. ಆದರೆ ಹಕ್ಕಿಗಳ ಸಂಗೀತ ಕಚೇರಿ ಶುರುವಾಯಿತು ನೋಡಿ! ಮೊದಲು ಗಿಡುಗ ಕೂಗಿತು. ಅದು ನಿಂತಿತು, ಹರಟೆಮಲ್ಲ. ಅದು ನಿಂತಿತು, ಕುಟ್ರುಹಕ್ಕಿ. ಆಮೇಲೆ ಗಿಳಿ, ಮರಕುಟಿಗ. ನಾನು ಇದ್ದಿಲು ತೆಗೆದುಕೊಂಡು ಗೋಡೆಯ ಮೇಲೆ ಗೀಟು ಎಳೆಯುತ್ತ ಹೋದೆ. ಆ ಹಕ್ಕಿಗಳ ಶಿಸ್ತನ್ನು ಎಷ್ಟು ಹೊಗಳಿದರೂ ಸಾಲದು. ಒಂದು ಮುಗಿಸದೆ ಇನ್ನೊಂದು ಬಾಯಿ ತೆರೆಯುತ್ತಿರಲಿಲ್ಲ! ನಮ್ಮೂರಿನ ಸಭೆಗಳಲ್ಲಿ ಇಂಥ ಮರ್ಯಾದೆಯನ್ನು ನಾನು ಕಂಡದ್ದೇ ಇಲ್ಲ.

ಹೆಸರು ಗೊತ್ತಿಲ್ಲದವುಗಳಿಗೆ ನಾನೇ ನಾಮಕರಣ ಮಾಡಿದೆ. ಬಾವಿಯ ರಾಟೆಯಂತೆ ಕಿರುಗುಟ್ಟಿದ್ದು ರಾಟೆಹಕ್ಕಿ. ಬೆಕ್ಕಿನ ಮರಿಯಂತೆ ಕೂಗಿದ್ದು ಬೆಕ್ಕುಹಕ್ಕಿ.

ನಿಮ್ಮಮ್ಮ ಆಗ ಹೊಸ ಸೊಸೆ. ಗೋಡೆಯ ಗೀಟುಗಳನ್ನು ನೋಡಿ ಕೇಳಿದಳು. "ಅತ್ತೆ, ಇದ್ರಲ್ಲಿ ಒಂದಾದ್ರೂ ಕಣ್ಣಾರೆ ಕಂಡಿದ್ರಾ?"

"ಕಾಂಬುದು ಎಂತಕ್ಕೆ? ಕೇಳಿದ್ರೂ ಸಾಕು ಹೇಳಿ ಕರಪತ್ರದಲ್ಲಿ ಬರದ್ದ."

"ಬೆಕ್ಕಿನ ಹಾಂಗೆ ಕೂಗಿದ್ದು ಬೆಕ್ಕೇ ಇಕ್ಕು."

"ಬೆಕ್ಕಿಗೆ ಬೆಳಗಾ ಮುಂಚೆ ಮರದ ತುದಿಯಲ್ಲಿ ಎಂತ ಕೆಲಸ?"

ಅವಳು ಕೊಡ ಎತ್ತಿಕೊಂಡು ಹೋದಳು. ನನ್ನ ತರ್ಕಕ್ಕೆ ನಾನೇ ತಲೆದೂಗಿದೆ.

ಮನುಷ್ಯನಿಗೆ ಎಷ್ಟಿದ್ದರೂ ಸಾಲದು. ಇನ್ನಷ್ಟು ಹಕ್ಕಿ ಬರಲಿ ಎಂದು ಒಂದು ದಿನ ಹಣ್ಣಾದ ಪಪ್ಪಾಯಿ ಹೆಚ್ಚಿ ಹಿತ್ತಲಲ್ಲಿಟ್ಟೆ. ಮಂಗಗಳು ಬಂದವು. ಪಪ್ಪಾಯಿ ತಿಂದು, ನಮ್ಮ ಹಂಚು ತೆಗೆದು ಭಾವನ ಅಂಗಳಕ್ಕೆ ಎಸೆದು, ಭಾವನ ಟೊಪ್ಪಿ ತಂದು ನಮ್ಮ ಮಾಡಿನ ಮೇಲಿಟ್ಟು ಹೋದವು. ಮಂಗ ಹಕ್ಕಿಯಲ್ಲ ಎಂಬ ಒಂದೇ ವಿಷಯದಲ್ಲಿ ಆ ವಾರ ನನಗೂ ಭಾವನಿಗೂ ಒಮ್ಮತವಿತ್ತು.

ಉಳಿದದ್ದಕ್ಕೆಲ್ಲ ಜಗಳ! ಒಂದು ಪಿಕಳಾರ ಹಕ್ಕಿ ಬೇಲಿಯ ಗೂಟದ ಮೇಲೆ ಕೂತಿತು.

"ಮುಖ ಯಂಗ್ಳ ಬದಿಗಿದ್ದು. ಹಕ್ಕಿ ಯಂಗ್ಳದ್ದು," ಎಂದರು ಭಾವ.

"ಬಾಲ ಯಂಗ್ಳ ಬದಿಗಿದ್ದು!" ಎಂದೆ ಕಿಟಕಿಯಿಂದ.

ಪಾರ್ವತಕ್ಕ ಬಗ್ಗಿ ನೋಡಿ ತೀರ್ಪು ಕೊಟ್ಟಳು. "ಹಿಕ್ಕೆ ಎಲ್ಲಿ ಬಿದ್ದು ನೋಡಿ. ಮಾದೇವಿ ಬದಿಗೆ ಬಿದ್ದು. ಹಿಕ್ಕೆ ಅದಕ್ಕೆ, ಹಕ್ಕಿ ನಮಗೆ!"

ಈ ಅನ್ಯಾಯ ನನ್ನಿಂದ ಸಹಿಸಲಾಗಲಿಲ್ಲ. ಮುಂದೆ ಇಂಥ ತಕರಾರು ಬರಬಾರದೆಂದು ನಾನೇ ಒಂದು ಕಾನೂನು ಮಾಡಿದೆ. ಹಕ್ಕಿ ಕೂತ ಗಿಡದ ಅಥವಾ ಗೂಟದ ಬುಡ ಯಾರ ಜಾಗದಲ್ಲೋ ಹಕ್ಕಿ ಅವರದ್ದು. ಬೇಲಿ ಹಾಕಿಸಿದವರು ನಿಮ್ಮಜ್ಜ, ಗೂಟ ನಮ್ಮದು. ಆದ್ದರಿಂದ ಪಿಕಳಾರ ನಮ್ಮದಾಯಿತು. ಭಾವ ಅರೆಮನಸ್ಸಿನಿಂದ ಒಪ್ಪಿದರು. ನಾನು ವಕೀಲಳಾಗಬೇಕಿತ್ತು ಎಂದು ಆ ದಿನವಿಡೀ ಅನಿಸುತ್ತಿತ್ತು.

ವಾರ ಮುಗಿಯುವಾಗ ನನ್ನ ಗೋಡೆಯಲ್ಲಿ ಮೂವತ್ತೆರಡು ಗೀಟು. ಭಾವನದು ಅದಕ್ಕಿಂತ ಆರು ಕಡಿಮೆ. ನಾನು ಭರಣಿ ತೊಳೆದು ಬಿಸಿಲಿಗಿಟ್ಟೆ!

ಕೊನೆಯ ದಿನ ಸೂರ್ಯ ಹುಟ್ಟುವ ಮುಂಚೆಯೇ ಗುಂಪಿನ ಕಡೆಯಿಂದ ಪಾಟೀಲರು ಬಂದರು. ಶಿರಸಿಯ ಬ್ಯಾಂಕಿನಲ್ಲಿ ಕೆಲಸ, ಊರು ಹಾವೇರಿ ಕಡೆ, ಹಕ್ಕಿಗಳ ಹುಚ್ಚು. ನಮ್ಮ ಹಿತ್ತಲಲ್ಲೇ ಮಣೆ ಹಾಕಿ ಅವಲಕ್ಕಿ, ಚಾ ಕೊಟ್ಟೆವು. ತಿಮ್ಮಣ್ಣ ಭಾವ ಮತ್ತು ಪಾರ್ವತಕ್ಕ ಸಾಕ್ಷಿಗಳಾಗಿ ಬಂದು ಕೂತರು. ಅವಲಕ್ಕಿಯ ವಿಷಯದಲ್ಲಿ ಭಾವ ಸ್ಪರ್ಧೆಯನ್ನು ಮರೆತಿದ್ದರು.

"ಮೂವತ್ತೆರಡಽ? ನಮ್ಮ ಗುಂಪಿನವರಿಗೇ ಇಷ್ಟು ಸಿಕ್ಕಿಲ್ಲರೀ. ಎಲ್ಲಿ, ಕೇಳಸ್ರಿ ನೋಡೂಣು," ಎಂದರು ಪಾಟೀಲರು.

ನಾನು ಬಚ್ಚಲ ಕಿಟಕಿಯ ಹಿಂದೆ ನನ್ನ ಸ್ಥಾನ ಅಲಂಕರಿಸಿದೆ. ನನ್ನ ಹಕ್ಕಿಗಳು ಕೈಕೊಡಲಿಲ್ಲ. ಗಿಡುಗ ಕೂಗಿತು.

"ಗಿಡುಗ!" ಎಂದೆ ಮೆಲ್ಲಗೆ.

"ಕುಟ್ರುಹಕ್ಕಿ!" ಸ್ವಲ್ಪ ಜೋರಾಗಿ.

"ಗಿಳಿ! ಹರಟೆಮಲ್ಲ! ಇದು ಬೆಕ್ಕುಹಕ್ಕಿ, ನಿಮ್ಮ ಪುಸ್ತಕದಲ್ಲಿ ಇರದು, ಬರೆದುಕೊಳ್ಳಿ!"

ಜೀವಮಾನದಲ್ಲಿ ಮೊದಲ ಬಾರಿಗೆ ನಾಲ್ಕು ಜನರ ಎದುರು ನನ್ನ ಧ್ವನಿ ಏರಿತ್ತು. ಪಾಟೀಲರು "ಅಬಾಬಾ!" ಎನ್ನುತ್ತಿದ್ದರು. ನನಗೆ ಕೊಯ್ದ ಮಿಡಿಯ ಪರಿಮಳ ಮೂಗಿಗೇ ಬಂದ ಹಾಗಾಯಿತು.

ಆಗ ಒಂದು ಸಿಳ್ಳೆ ಕೇಳಿತು. ಅದು ತಿಮ್ಮಣ್ಣ ಭಾವ ತಮ್ಮ ನಾಯಿ ಟೈಗರನನ್ನು ಕರೆಯುವ ಸಿಳ್ಳೆ. ಮೊದಲು ಗಿಡ್ಡ, ಆಮೇಲೆ ಉದ್ದ, ಕೊನೆಗೆ ಮೇಲಕ್ಕೆ ಎಳೆದು. ಅವರ ಜಗಲಿಯಲ್ಲಿ ಮಲಗಿದ್ದ ಟೈಗರ್ ಬೇಲಿ ನುಸುಳಿ ಓಡಿ ಬಂತು.

"ಈಗ ಎಂತಕ್ಕೆ ನಾಯಿ ಕರೆಸಿದ್ರಿ?" ಎಂದು ಪಾರ್ವತಕ್ಕ ಗಂಡನನ್ನು ಗದರಿದಳು.

ಭಾವನ ಎರಡೂ ಕೆನ್ನೆ ತುಂಬ ಅವಲಕ್ಕಿ. ಅವರು ಕಣ್ಣರಳಿಸಿ, ಎರಡೂ ಕೈ ಆಡಿಸಿದರು. ಬಾಯಿ ತೆರೆಯುವ ಸ್ಥಿತಿಯೇ ಇರಲಿಲ್ಲ. ಅಷ್ಟರಲ್ಲಿ ಅದೇ ಸಿಳ್ಳೆ ಮತ್ತೊಮ್ಮೆ!

ಟೈಗರ್ ಯಜಮಾನನನ್ನು ಒಮ್ಮೆ ನೋಡಿತು. ಆಮೇಲೆ ಸೀದಾ ಅಪ್ಪೆಕೊಂಬೆಯ ಕೆಳಗೆ ಹೋಗಿ ನಿಂತು, ಬಾಲ ಆಡಿಸುತ್ತ ಮೇಲೆ ನೋಡತೊಡಗಿತು. ನಾಯಿ ನೋಡಿದ ಕಡೆ ಪಾಟೀಲರು ನೋಡಿದರು. ಪಾಟೀಲರು ನೋಡಿದ ಕಡೆ ಎಲ್ಲರೂ ನೋಡಿದರು. ಹಕ್ಕಿ ನೋಡಲೆಂದು ವಾರದಲ್ಲಿ ಮೊದಲ ಸಲ ನಾನೂ ಕಿಟಕಿ ಬಿಟ್ಟು ಹೊರಗೆ ಬಂದೆ.

ಮಂಜು ಕರಗತೊಡಗಿತ್ತು. ಕೊಂಬೆಯ ಮೇಲೆ ಒಂದು ಕಪ್ಪು ಹಕ್ಕಿ. ಬಾಲದಿಂದ ಎರಡು ಉದ್ದನೆಯ ತಂತಿ, ತುದಿಯಲ್ಲಿ ಒಂದೊಂದು ಗರಿ. ಅದು ಕೊಕ್ಕು ತೆರೆಯಿತು, ಗಿಡುಗ! ಕೊಕ್ಕು ಮುಚ್ಚಿ ತೆರೆಯಿತು, ಗಿಳಿ! ಬಾವಿಯ ರಾಟೆ! ಬೆಕ್ಕಿನ ಮರಿ! ಮುಗಿಸಿ, ತಲೆ ಓರೆ ಮಾಡಿ, ಹೇಗಿತ್ತು ಎಂಬಂತೆ ನನ್ನನ್ನೇ ನೋಡಿತು.

ಪಾಟೀಲರಿಗೆ ನಗು ತಡೆಯಲಾಗದೆ ಚಾ ಚೆಲ್ಲಿತು. "ಅಮ್ಮಾರೆ, ಇದು ಕಾಜಾಣರೀ! ಕೇಳಿದ್ದೆಲ್ಲಾ ಕಲೀತದ. ನಿಮ್ಮ ಹಕ್ಕಿ ಮಂದಿಯೆಲ್ಲಾ ಇವ ಒಬ್ಬನಽ!"

ಕಾಜಾಣದ ಬಾಯಿಂದ ಬಂದ ಕೂಗುಗಳ ಗೀಟುಗಳನ್ನು ಒದ್ದೆ ಕೈಯಿಂದ ಗೋಡೆಯ ಮೇಲೆ ಒಂದೊಂದಾಗಿ ಒರೆಸಿದೆ. ಹದಿನೇಳು ಹೋಯಿತು. ಉಳಿದದ್ದು ಹದಿನೈದು.

ಭಾವ ಅವಲಕ್ಕಿ ನುಂಗಿ ಎದೆ ಸೆಟೆಸಿದರು. ಆದರೆ ಪಾಟೀಲರು ಅವರ ಲೆಕ್ಕವನ್ನೂ ನೋಡಬೇಕಲ್ಲ. ನೋಡುತ್ತ ನೋಡುತ್ತ ಒಂದೊಂದನ್ನೇ ಹೊಡೆದುಹಾಕತೊಡಗಿದರು.

"ಮಾಸ್ತರೆ, ಈ ಕೆಂಪು ಹಕ್ಕಿ ಗಂಡು, ಈ ಹಳದಿದು ಅದರ ಹೆಂಡ್ತಿ. ಎರಡಲ್ಲರೀ, ಒಂದ."

"ಬಣ್ಣವೇ ಬೇರೆ ಇದ್ದಲ್ಲ?" ಎಂದರು ಭಾವ.

"ನೀವು ಕರ್ರಗ ಇದ್ದೀರಿ, ಅಕ್ಕಾರು ಬೆಳ್ಳಗ ಅದಾರ. ನಿಮ್ಮನ್ನ ಎರಡು ಜಾತಿ ಅಂತ ಬರಕೊಳ್ಳಲೇನ್ರಿ?"

ಪಾರ್ವತಕ್ಕ ನಾಚಿ ಸೆರಗು ಎಳೆದುಕೊಂಡಳು. ಕೋಗಿಲೆಯಲ್ಲೂ ಹೀಗೇ, ಕಾಡುಕೋಳಿಯಲ್ಲೂ ಹೀಗೇ, ಇನ್ನೂ ಮೂರು ಜೋಡಿಗಳಲ್ಲೂ ಹೀಗೇ. ಹಿಮಾಲಯ ಬಿಟ್ಟು ಕೆಳಗಿಳಿಯದ ಐದು ಹಕ್ಕಿಗಳೂ ಪುಸ್ತಕದಿಂದ ನೇರವಾಗಿ ಭಾವನ ಹಿತ್ತಲಿಗೆ ಬಂದಿದ್ದವು. ಎಲ್ಲ ಸಂಸಾರಗಳನ್ನು ಒಂದುಗೂಡಿಸಿ, ಹಿಮಾಲಯದವರನ್ನು ವಾಪಸು ಕಳಿಸಿದ ಮೇಲೆ ಅವರಿಗೂ ಉಳಿದದ್ದು ಹದಿನೈದು!

ಸಮ! ನನಗೆ ಜೀವ ಬಂತು.

"ಇನ್ನ ಈ ಕಾಜಾಣ ಒಂದು ಉಳೀತು. ಇದನ್ನ ಯಾರ ಲೆಕ್ಕಕ್ಕ ಬರೀಲಿ?" ಎಂದರು ಪಾಟೀಲರು. ಭಾವ ಅದನ್ನು ಬರೆದಿರಲಿಲ್ಲ. ಅವರ ದುರ್ಬೀನು ದೂರದ ಕಾಡನ್ನು ಹತ್ತಿರ ತರುತ್ತಿತ್ತು. ತಲೆಯ ಮೇಲಿದ್ದದ್ದನ್ನು ತೋರಿಸುವ ವ್ಯವಸ್ಥೆ ಅದಕ್ಕಿರಲಿಲ್ಲ.

"ಯನ್ನ ಬಚ್ಚಲ ಮೇಲೆ ಕೂತಿದ್ದು! ಯನ್ನದು!" ಎಂದು ಹಾರಿ ಬಿದ್ದೆ.

ಪಾರ್ವತಕ್ಕ ಬಹಳ ಪ್ರೀತಿಯಿಂದ ಕೇಳಿದಳು. "ಮರದ ಬುಡ ಯಾರ ಜಾಗದಲ್ಲಿ ಇದ್ದೇ ಮಾದೇವಿ?"

ಕಾನೂನು ಮಾಡಿದವಳು ನಾನೇ. ಮೇಲ್ಮನವಿಗೆ ಎಡೆಯಿರಲಿಲ್ಲ. ವಾರವಿಡೀ ನನ್ನ ಒಲೆಯ ಮುಂದೆ ಹಾಡಿದ ಹಕ್ಕಿ, ಒಂದು ಅಕ್ಷರ ಹಾಡದೆ ಭಾವನ ಲೆಕ್ಕಕ್ಕೆ ಹೋಯಿತು.

ಸ್ಪರ್ಧೆಯ ಪ್ರಥಮ ಬಹುಮಾನ ಶಿರಸಿ ಪೇಟೆಯ ಒಂದು ತಾರಸಿಗೆ ಬಂತಂತೆ. ಅವರ ಹಿತ್ತಲೆಂದರೆ ನಾಲ್ಕು ಹೂಕುಂಡ. ಹಕ್ಕಿಗಳಿಗೂ ಪೇಟೆಯ ವ್ಯಾಮೋಹ ಹತ್ತಿರಬೇಕು!

ಮಿಡಿ ಬಲಿಯುವ ಮುನ್ನ ಭಾವ ಆಳುಗಳನ್ನು ಕರೆಸಿ ಕೊಯ್ಯಿಸಿದರು. ತೊಟ್ಟು ಮುರಿಯದ, ಸೊನೆ ಹಾರುವ ಮಿಡಿಗಳು ಬುಟ್ಟಿಗಟ್ಟಲೆ ನಮ್ಮ ಜಗಲಿಗೆ ಬಂದವು. ಜೊತೆಗೆ ಅವರ ಭರಣಿಗಳು, ಅವರ ಮಗಳ ಭರಣಿಗಳು. ನಾನು ಎದೆಗುಂದಲಿಲ್ಲ. ಭರಣಿ ಯಾರದ್ದಾದರೇನು, ಕೈ ನನ್ನದಲ್ಲವೇ? ಮಾದೇವಿಯ ಕೈಗುಣ ಎಂಥದ್ದೆಂದು ಊರಿಗೆ ತೋರಿಸುವ ದಿನ ಕೊನೆಗೂ ಬಂತು ಎಂದುಕೊಂಡೆ. ಉಪ್ಪಿನಲ್ಲಿಟ್ಟೆ. ಮಿಡಿ ಸುಕ್ಕುಗಟ್ಟಿ ಸೊಗಸಾಗಿ ಇಳಿಯಿತು. ಸಾಸಿವೆ, ಮೆಣಸು ಬೀಸಿದೆ. ಖಾರ ಬೆರೆಸುವಾಗ ಮತ್ತೆ ಉಪ್ಪು ಹಾಕಬಾರದು ಎಂಬುದು ನಮ್ಮಲ್ಲಿ ಸಣ್ಣ ಕೂಸಿಗೂ ಗೊತ್ತು. ಇಂಥ ಮಿಡಿಯನ್ನು ಮೊದಲ ಬಾರಿಗೆ ಕೈಯಲ್ಲಿ ಹಿಡಿದ ಸಂಭ್ರಮದಲ್ಲಿ ನಾನು ಅಷ್ಟೂ ಭರಣಿಗಳಿಗೆ ಇನ್ನೊಮ್ಮೆ ಉಪ್ಪು ಹಾಕಿದೆ!

ಚೌತಿಯ ದಿನ ಪಾರ್ವತಕ್ಕ ಬೇಲಿಯ ಹತ್ತಿರ ಬಂದಳು. "ಮಿಡಿ ಕಲ್ಲಿನ ಹಾಂಗೆ ಗಟ್ಟಿ ಉಳಿದ್ದೇ ಮಾದೇವಿ. ಆದ್ರೆ ಒಂದು ಮಿಡಿಗೆ ಒಂದು ಕೊಡ ನೀರು ಬೇಕು!"

ಅಜ್ಜಿ ಸೋತ ಸಿಟ್ಟಿಗೆ ಬೇಕೆಂದೇ ಹಾಗೆ ಮಾಡಿದಳು ಎಂದು ಊರಲ್ಲಿ ಯಾರಾದರೂ ನಿಮಗೆ ಹೇಳಿದರೆ ನಂಬಬೇಡಿ ಮಕ್ಕಳೇ. ಅಷ್ಟು ಬುದ್ಧಿ ಇದ್ದವಳು ಒಂದು ಹಕ್ಕಿಯನ್ನು ಹದಿನೇಳು ಎಂದು ಎಣಿಸುತ್ತಾಳೆಯೇ?