8.2 ಗ್ರಾಂ ಉಪ್ಪು

ಇದನ್ನು ಬರೆಯಲೆಂದು ಕುಳಿತು, ಪೆನ್ನಿಗೆ ಶಾಯಿ ತುಂಬಿಸಿ, ಶಾಯಿ ಒಣಗುವವರೆಗೆ ಸುಮ್ಮನಿದ್ದು ಎದ್ದುಹೋದದ್ದು ಎಷ್ಟು ಸಲವೋ. ಅನುಮಾನಪಡುವುದನ್ನು ನನಗೆ ಯಾರೂ ಕಲಿಸಬೇಕಾಗಿರಲಿಲ್ಲ. ಬಂಟ್ವಾಳದಲ್ಲಿ ಬಸ್ಸು ಹತ್ತಿದರೆ ಬೋರ್ಡು ಓದಿ, ಕಂಡಕ್ಟರನನ್ನು ಕೇಳಿ, ಅವನ ಮೇಲೂ ನಂಬಿಕೆ ಬಾರದೆ ಪಕ್ಕದವರನ್ನು ಕೇಳುವವನು ನಾನು.

ಅರವತ್ತರ ದಶಕದಲ್ಲಿ ಮೂಡಬಿದಿರೆಯ ಒಂದು ಕಾಲೇಜಿನ ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ ನಾವಿಬ್ಬರು ಅಟೆಂಡರುಗಳಿದ್ದೆವು. ನಾನು ಖಾಯಂ. ಗುರುವಾಯನಕೆರೆಯಿಂದ ಬರುತ್ತಿದ್ದ ಅವನು ತಾತ್ಕಾಲಿಕ, ಆ ವರ್ಷ ಖಾಯಂ ಆಗುವವನಿದ್ದ. ಬಾಟ್ಲಿಗಳ ಕಪಾಟು ಅವನ ವಶ, ತಕ್ಕಡಿ ನನ್ನ ವಶ. ಒಂದು ದಿನ ಪ್ರೊಫೆಸರರು ಬಫರ್ ದ್ರಾವಣ ಮಾಡಲು ಹೇಳಿದರು. ಒಂದೆರಡು ಹನಿ ಆಮ್ಲ ಬಿದ್ದರೂ ಹುಳಿ ಅಷ್ಟಾಗಿ ಬದಲಾಗದ ದ್ರಾವಣ ಅದು. ಲೀಟರಿಗೆ ಆರು ಗ್ರಾಂ ಅಸಿಟಿಕ್ ಆಮ್ಲ, 8.2 ಗ್ರಾಂ ಸೋಡಿಯಂ ಅಸಿಟೇಟ್ ಎಂಬ ಉಪ್ಪು. ಎಸ್ಸೆಸ್ಸೆಲ್ಸಿಯಲ್ಲಿ ಲಾಗ್ ಟೇಬಲ್ ಕಲಿತ ಜಂಬದಲ್ಲಿ ಹುಳಿಯ ಅಳತೆಯಾದ ಪಿ.ಎಚ್. ಲೆಕ್ಕವನ್ನು ನಾನೇ ಮಾಡಿದೆ. ಈ ಆಮ್ಲಕ್ಕೆ ಪುಸ್ತಕ ಕೊಡುವ ಸಂಖ್ಯೆ 4.76, ಅದಕ್ಕೆ ಉಪ್ಪನ್ನು ಆಮ್ಲದಿಂದ ಭಾಗಿಸಿದ್ದರ ಲಾಗ್ ಕೂಡಿಸಬೇಕು. ಮೋಲ್ ಲೆಕ್ಕದಲ್ಲಿ ಎರಡೂ ಸಮ, ಭಾಗಿಸಿದರೆ ಒಂದು; ಒಂದರ ಲಾಗ್ ಸೊನ್ನೆ. ಉತ್ತರ 4.76. ಮೀಟರಿನ ಮುಳ್ಳು ಮಾತ್ರ ನಾಲ್ಕೂವರೆಯ ಹತ್ತಿರ ನಿಂತಿತು.

ಲೆಕ್ಕ ನನ್ನದು, ತೂಕ ನನ್ನದು; ಆದ್ದರಿಂದ ತಪ್ಪು ಅವನದು. ಉಪ್ಪು ಕಡಿಮೆ ಬಿದ್ದರೆ ಮುಳ್ಳು ಇಳಿಯುತ್ತದೆ. ಇವನು ಬಾಟ್ಲಿಯ ಉಪ್ಪು ಸಾಗಿಸಿ, ಅಡುಗೆ ಉಪ್ಪು ಬೆರೆಸಿರಬೇಕು! ಮಧ್ಯಾಹ್ನ ಅವನ ಬುತ್ತಿಯ ಉಪ್ಪಿನಕಾಯಿಯನ್ನು ಮೂಸಿ ನೋಡಿದೆ.

“ಎಂತ ಮಾರಾಯ, ಬೇಕಾದರೆ ತಿನ್ನು. ಮೂಸಿದರೆ ಹೊಟ್ಟೆ ತುಂಬ್ತದಾ?” ಎಂದ.

ತಿಂದೆ. ಬಹಳ ರುಚಿಯಾಗಿತ್ತು. ಅನುಮಾನ ಇನ್ನಷ್ಟು ಬಲವಾಯಿತು.

ಪರೀಕ್ಷೆಯ ಗಡಿಬಿಡಿಯಲ್ಲಿದ್ದ ಪ್ರೊಫೆಸರರಿಗೆ, “ಲೆಕ್ಕ ಸರಿ ಉಂಟು ಸರ್. ಕಪಾಟಿನ ಬೀಗದ ಕೈ ಇವನ ಹತ್ತಿರ ಇರುವುದು” ಎಂದೆ.

ಅವನು ಮುಖ ಸಣ್ಣದು ಮಾಡಿಕೊಂಡು, “ಬಾಟ್ಲಿಯ ಲೇಬಲ್ ಒಮ್ಮೆ ಓದು ಮಾರಾಯ” ಎಂದ. ಕಳ್ಳ ಹೇಳಿದ್ದನ್ನೆಲ್ಲ ಓದುತ್ತಾರೆಯೇ? ತಿಂಗಳ ಕೊನೆಗೆ ಅವನ ಕೆಲಸ ಹೋಯಿತು.

ಹೊಸ ಬಾಟ್ಲಿ ಬಂತು. ಮುಳ್ಳು ಮತ್ತೆ ಅಲ್ಲಿಯೇ. ಆಗ ಲೇಬಲ್ ಓದಿದೆ. ಇದು ಹರಳು ಉಪ್ಪು; ಹರಳಿನೊಳಗೇ ನೀರು ಸೇರಿಕೊಂಡಿರುತ್ತದೆ. ಒಣ ಉಪ್ಪಾದರೆ 8.2 ಗ್ರಾಂ, ಹರಳಾದರೆ 13.6 ತೂಗಬೇಕು. ಲಾಗ್ ಟೇಬಲ್ ತೆರೆದು ಮತ್ತೆ ಲೆಕ್ಕ ಹಾಕಿದೆ: 4.54. ಮುಳ್ಳೂ ಸುಳ್ಳು ಹೇಳಿರಲಿಲ್ಲ, ಅವನೂ ಹೇಳಿರಲಿಲ್ಲ.

ಪ್ರಯೋಗಾಲಯದ ಪುಸ್ತಕದಲ್ಲಿ 8.2 ಹೊಡೆದು 13.6 ಬರೆದೆ. ಯಾರಿಗೂ ಹೇಳಲಿಲ್ಲ. ಎರಡು ವರ್ಷದ ಮೇಲೆ ಬೆಳ್ತಂಗಡಿಯಲ್ಲಿ ಸಿಕ್ಕವನು, “ಬಾ, ಚಾ ಕುಡಿಯುವ” ಎಂದು ಕರೆದ. ಹೋಟೆಲಿನಲ್ಲಿ ಎಲ್ಲವನ್ನೂ ಹೇಳಿಬಿಡಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ, ಇವನಿಗೆ ಎಲ್ಲ ಗೊತ್ತಿದ್ದೇ ಚಾ ಕುಡಿಸುತ್ತಿದ್ದಾನೋ ಏನೋ ಎಂಬ ಅನುಮಾನ ಬಂತು. ಬಸ್ಸಿಗೆ ಹೊತ್ತಾಯಿತೆಂದು ಎದ್ದುಬಿಟ್ಟೆ.

ಈಗ ಅವನಿಲ್ಲ. ಇಷ್ಟು ಹೊತ್ತೂ ‘ಅವನು’, ‘ಇವನು’ ಎಂದೇ ದಾಟಿಸುತ್ತ ಬಂದಿದ್ದೇನೆ. ಅಂದು ಬೆರಳು ತೋರಿಸುವಾಗ ಇಲ್ಲದ ಸಂಕೋಚ ಇಂದು ಹೆಸರು ಬರೆಯುವಾಗ. ಅವನ ಹೆಸರು ಧರಣಪ್ಪ.