ಕರಡಿಯೋ ಹುಲಿಯೋ, ಕಾಗೆ ಹೇಳಲಿ

ಈ ಸಲದ ಪಿತೃಪಕ್ಷದ ಹಬ್ಬದಲ್ಲಿ ತನ್ನ ಮನೆಯಲ್ಲಿ ಗಾಲ್ಫಿನ ಮಾತೆತ್ತಿದವರಿಗೆ ಊಟದ ಎಲೆ ಹಾಕುವುದಿಲ್ಲ ಎಂದು ಮುದ್ದಮ್ಮ ಸಾರಿದಳು. ಬೀದಿ ಮಧ್ಯೆ ನಿಂತೇ ಸಾರಿದಳು. ಕಳಲೆಯ ಅರ್ಧ ಊರಿಗೆ ಕೇಳಿಸಿತು.

"ಆ ಆಟ ನಮ್ಮ ಯಜಮಾನ್ರ ಜೊತೆಗೇ ಮಣ್ಣಾಯ್ತು. ಇನ್ನು ಈ ಮನೇಲಿ ಕರಡಿನೂ ಇಲ್ಲ, ಉಲಿನೂ ಇಲ್ಲ!"

ಇದು ಕಾಡಿನ ವಿಷಯ ಎಂದು ಯಾರೂ ತಪ್ಪು ತಿಳಿಯಲಿಲ್ಲ. ಊರಿಗೆಲ್ಲ ಗೊತ್ತಿದ್ದದ್ದೇ. ಅವಳ ಗಂಡ ದೇವರಾಜು ಮೈಸೂರಿನ ಗಾಲ್ಫ್ ಮೈದಾನದಲ್ಲಿ ಹುಲ್ಲು ಕತ್ತರಿಸುತ್ತಿದ್ದವನು. ಅಲ್ಲೇ ಸಾಹೇಬರ ಚೀಲ ಹೊರುತ್ತಿದ್ದವನು ಕವಲಂದೆಯ ಚಿಕ್ಕಸ್ವಾಮಿ. ಇಬ್ಬರೂ ನಂಜನಗೂಡಿನಲ್ಲಿ ಒಂದೇ ಬಸ್ಸು ಹತ್ತುತ್ತಿದ್ದರು. ಹತ್ತಿದ ಕೂಡಲೇ ಶುರು! ಸಾಹೇಬರು ಹೊಟ್ಟೆ ಕರಗಿಸಲು ಆಡುತ್ತಾರೆ, ಅವರನ್ನು ಬಿಡಿ. ಹೊಟ್ಟೆಪಾಡಿಗೆಂದೇ ಈ ಆಟ ಆಡಿದವರಲ್ಲಿ, ಭೂಮಿ ಹುಟ್ಟಿದಾಗಿನಿಂದ ಇವತ್ತಿನವರೆಗೆ, ಎಲ್ಲರಿಗಿಂತ ದೊಡ್ಡವನು ಯಾರು?

ದೇವರಾಜುವಿನ ಪ್ರಕಾರ ಜಾಕ್ ನಿಕ್ಲಾಸ್. ಆತನನ್ನು ಅವನ ದೇಶದವರು ಪ್ರೀತಿಯಿಂದ ಕರಡಿ ಅನ್ನುತ್ತಾರಂತೆ. ಚಿಕ್ಕಸ್ವಾಮಿಯ ಪ್ರಕಾರ ಟೈಗರ್ ವುಡ್ಸ್. ಅವನು ಹೆಸರಿನಲ್ಲೇ ಹುಲಿ. ಇಬ್ಬರೂ ಅಮೆರಿಕದವರು. ಕಳಲೆ, ಕವಲಂದೆ ಎಲ್ಲಿವೆ ಎಂದು ಇಬ್ಬರಿಗೂ ಗೊತ್ತಿಲ್ಲ. ಆದರೂ ಅವರ ಮಾನ ಕಾಯಲು ಇಲ್ಲಿ ಇಬ್ಬರು ಊಟದ ಡಬ್ಬಿ ಹಿಡಿದು ಹೊರಡುತ್ತಿದ್ದರು.

ಭಾನುವಾರವಾದರೂ ದೇವರಾಜು ಸುಮ್ಮನಿರುತ್ತಿದ್ದನೇ? ಇಲ್ಲ. ಹಿತ್ತಲಲ್ಲಿ ಮುರುಕಲು ಕೋಲು ಹಿಡಿದು, "ಕರಡಿ ಒಡೀತಿದ್ದದ್ದು ಇಂಗೆ ಕಣಮ್ಮಿ" ಎಂದು ತೋರಿಸುತ್ತಿದ್ದ. ಅವನು ಹೊಡೆದ ಚೆಂಡು ಗುಳಿಗೆ ಬಿದ್ದದ್ದನ್ನು ಮುದ್ದಮ್ಮ ಒಂದು ದಿನವೂ ಕಂಡಿಲ್ಲ. ಅಡಿಗೆಮನೆಯ ಹೆಂಚಿಗೆ ಬಿದ್ದದ್ದನ್ನು ಕಂಡಿದ್ದಾಳೆ. ನಂಜನಗೂಡಿನ ಹೆಂಚಿನ ಅಂಗಡಿಯವನು ಇವಳನ್ನು ಕಂಡರೆ ಎದ್ದು ನಿಂತು ಟೀ ತರಿಸುತ್ತಿದ್ದ.

ಎರಡು ಸಾವಿರದ ಎಂಟನೇ ಇಸವಿಯ ಜೂನಿನಲ್ಲಿ ಹುಲಿ ಏಟಾದ ಕಾಲಿನಲ್ಲೇ ಕುಂಟುತ್ತ ಒಂದು ದೊಡ್ಡ ಪಂದ್ಯ ಗೆದ್ದ. ಚಿಕ್ಕಸ್ವಾಮಿ ಮೈಸೂರುಪಾಕಿನ ಪೊಟ್ಟಣ ಹಿಡಿದು ಸೀದಾ ಕಳಲೆಗೆ ಬಂದ. ದೇವರಾಜುವಿನ ಬಾಗಿಲ ಮುಂದೆ ಆ ಕಡೆಯಿಂದ ಈ ಕಡೆಗೆ ಕುಂಟಿ ತೋರಿಸಿದ. ದೇವರಾಜು ಮೈಸೂರುಪಾಕನ್ನು ಹಸುವಿಗೆ ಹಾಕಿ, "ಇನ್ಮೇಲೆ ನನ್ನ ಒಸ್ಲು ತುಳೀಬ್ಯಾಡ ಕಣ್ಲಾ!" ಎಂದ. ಅಲ್ಲಿಗೆ ಮಾತು ಮುರಿಯಿತು. ಬಸ್ಸಿನಲ್ಲಿ ಒಬ್ಬ ಮುಂದಿನ ಸೀಟು, ಒಬ್ಬ ಹಿಂದಿನ ಸೀಟು.

ಅದೇ ಆಷಾಢದಲ್ಲಿ ದೇವರಾಜು ಎದೆನೋವೆಂದು ಜಗಲಿಯ ಮೇಲೆ ಕುಳಿತ. ಏಳಲಿಲ್ಲ.

ಮಣ್ಣಿಗೆ ಬಂದ ಚಿಕ್ಕಸ್ವಾಮಿಯನ್ನು ಮುದ್ದಮ್ಮ ಎಲ್ಲರೆದುರೇ ಕೇಳಿದಳು. "ಗೆದ್ದೆಯಲ್ಲಪ್ಪ. ಇವತ್ತೂ ಪೊಟ್ಟಣ ತಂದಿದ್ದೀಯಾ?" ಅವನು ತಲೆ ತಗ್ಗಿಸಿಕೊಂಡು ಹೋದವನು ಮತ್ತೆ ಕಳಲೆಯ ಕಡೆ ಬಂದಿರಲಿಲ್ಲ.

ಈಗ ಪಕ್ಷ ಬಂತು. ಸತ್ತ ಮೇಲೆ ಗಂಡನಿಗೆ ಇಡುವ ಮೊದಲ ಎಡೆ. ಮುದ್ದಮ್ಮ ಯಾವುದಕ್ಕೂ ಕಡಿಮೆ ಮಾಡಲಿಲ್ಲ. ಮುದ್ದೆ, ಮಟನ್ ಸಾರು, ಕಜ್ಜಾಯ, ವಡೆ, ಬೇಯಿಸಿದ ಮೊಟ್ಟೆ, ಒಂದು ಕಟ್ಟು ಬೀಡಿ. ಫೋಟೋದ ಮುಂದೆ ಒಂದು ಎಲೆ, ಕಾಗೆಗೆಂದು ಹಿತ್ತಲ ಒಗೆಯುವ ಕಲ್ಲಿನ ಮೇಲೆ ಒಂದು ಎಲೆ. ಕಾಗೆ ಮುಟ್ಟಿದರೆ ಹೋದವನು ತೃಪ್ತನಾದ ಎಂದು ಲೆಕ್ಕ. ಮುಟ್ಟುವ ತನಕ ಬಂದ ನೆಂಟರು ಯಾರೂ ಉಣ್ಣುವಂತಿಲ್ಲ.

ಕಾಗೆ ಬಂತು. ನುಗ್ಗೆ ಮರದ ಮೇಲೆ ಕುಳಿತಿತು. ಎಲೆ ನೋಡಿತು. ಇಳಿಯಲಿಲ್ಲ.

ಕಾಗೆ ಇಳಿಯದಿದ್ದರೆ ಹೋದವನ ಮನಸ್ಸಿನಲ್ಲಿ ಏನೋ ಕೊರಗಿದೆ ಎಂದರ್ಥ. ಉಳಿದವರು ಕೈ ಮುಗಿದು ಮಾತು ಕೊಡಬೇಕು. ಮೈದುನ ನಂಜುಂಡಸ್ವಾಮಿ ಮುಂದೆ ಬಂದ.

"ಅಣ್ಣ, ಅತ್ಗೇನ ಚೆನ್ನಾಗಿ ನೋಡ್ಕತೀನಿ. ಬಾರಣ್ಣ."

ಕಾಗೆ ಕತ್ತು ಕೊಂಕಿಸಿತು.

"ಇತ್ಲು ಗೋಡೆ ತಕರಾರು ಬುಟ್ಬುಡ್ತೀನಿ ಕಣಣ್ಣ!"

ಕಾಗೆ ರೆಕ್ಕೆ ಕೆರೆದುಕೊಂಡಿತು. ಬೀಡಿ ಹಚ್ಚಿಟ್ಟರು. ಬರಲಿಲ್ಲ. ಅರ್ಧ ಬಾಟಲಿ ತಂದಿಟ್ಟರು. ಅದರ ಹತ್ತಿರಕ್ಕೆ ನೆಂಟರು ಬಂದರು, ಕಾಗೆ ಬರಲಿಲ್ಲ. ಅವನ ಖಾಕಿ ಟೋಪಿ ಇಟ್ಟರು, ಹೊಸ ಪಂಚೆ ಇಟ್ಟರು. ಒಗೆಯುವ ಕಲ್ಲು ಸಂತೆಯ ಅಂಗಡಿಯಂತೆ ಕಂಡಿತೇ ಹೊರತು ಗಿರಾಕಿ ಇಳಿಯಲಿಲ್ಲ.

ನರಸೀಪುರದಿಂದ ಬಂದಿದ್ದ ದೇವರಾಜುವಿನ ಅಕ್ಕ ರಾಚಮ್ಮ ಕೊನೆಗೆ ಬಾಯಿ ಬಿಟ್ಟಳು.

"ಯಾರ್ನೋ ನೋಡ್ಬೇಕು ಅಂತಾವ್ನೆ ಕಣವ್ವ ನನ್ ತಮ್ಮ."

"ಎಲ್ಲಾರೂ ಇಲ್ಲೇ ಅವ್ರಲ್ಲ ಅಕ್ಕ."

"ಚೀಲ ಒರೋನು ಎಲ್ಲವ್ನೆ?"

"ಅವನ ಎಸ್ರು ಎತ್ತಬ್ಯಾಡಿ!"

"ನಾನೆತ್ತಕಿಲ್ಲ ತಗ. ಆದ್ರೆ ನನ್ ಬಸ್ಸು ಓಯ್ತದೆ, ಸಾರು ಆರೋಯ್ತದೆ, ಅವ್ನು ಅಸ್ಕೊಂಡೇ ಓಯ್ತಾನೆ. ಯೋಚ್ನೆ ಮಾಡು."

ಅವ್ನು ಅಸ್ಕೊಂಡೇ ಓಯ್ತಾನೆ. ಆ ಮಾತು ಮುದ್ದಮ್ಮನಿಗೆ ತಾಗಿತು. ಮೈದುನನ ಕಡೆ ನೋಡದೆ, "ಫೋನು ಮಾಡಪ್ಪ" ಎಂದಳು.

ನಂಜುಂಡಸ್ವಾಮಿ ಫೋನು ಮಾಡಿದ. ಫೋನು ಜೇಬಿಗೆ ಹೋಗುವುದರೊಳಗೆ ಚಿಕ್ಕಸ್ವಾಮಿ ಹಿತ್ತಲಲ್ಲಿದ್ದ! ಬೆಳಿಗ್ಗೆಯಿಂದ ಊರ ಬಸ್‌ಸ್ಟ್ಯಾಂಡಿನಲ್ಲೇ ಕುಳಿತಿದ್ದನಂತೆ. ಇಸ್ತ್ರಿ ಮಾಡಿದ ಶರಟು. ಕೈಯಲ್ಲಿ ಒಂದು ಬಿಳಿ ಗಾಲ್ಫ್ ಚೆಂಡು.

"ಕರೀತೀರ ಅಂತ ಬರ್ಲಿಲ್ಲ ಅಕ್ಕ. ಸುಮ್ಕೆ ಬಂದಿದ್ದೆ" ಎನ್ನುತ್ತ ಚೆಂಡನ್ನು ಎಲೆಯ ಮೇಲೆ, ಮೊಟ್ಟೆಯ ಪಕ್ಕದಲ್ಲಿಟ್ಟ.

"ತಿನ್ನಾಕಾಯ್ತದಾ ಅದು?" ಎಂದಳು ಮುದ್ದಮ್ಮ.

"ತಿನ್ನಾಕಲ್ಲ. ಒಸಿ ನೋಡ್ಲಿ ಅಂತ."

ಕಾಗೆ ನೋಡಿತು. ಅಷ್ಟೇ.

"ಮಾತು ಕೊಡಪ್ಪ ಚಿಕ್ಕಸ್ವಾಮಿ" ಎಂದ ನಂಜುಂಡಸ್ವಾಮಿ. "ಕರಡಿಯೇ ದೊಡ್ಡೋನು ಅಂತ ನಮ್ಮಣ್ಣನ ಮುಂದೆ ಒಪ್ಕೊಬುಡು. ಮುಗೀತು."

ಚಿಕ್ಕಸ್ವಾಮಿ ಒಂದು ಹೆಜ್ಜೆ ಹಿಂದೆ ಸರಿದ. "ಇದೊಂದ್ ಬುಟ್ಟು ಬ್ಯಾರೆ ಏನಾರ ಕೇಳಿ. ನಮ್ಮೆಮ್ಮೆ ಒಡಕೊಂಡ್ ಬಂದು ಇಲ್ಲೇ ಕಟ್ಬುಡ್ತೀನಿ."

"ಎಮ್ಮೆ ಯಾರಿಗ್ಬೇಕು? ಮಾತು ಬೇಕು!"

ನೆಂಟರೆಲ್ಲ ಮುತ್ತಿಕೊಂಡರು. ಗಾಲ್ಫ್ ಎಂದರೆ ಸೊಪ್ಪೋ ಕಾಳೋ ಎಂದು ತಿಳಿಯದವರೂ, "ಕರಡಿ ಅನ್ನಪ್ಪ, ಪುಣ್ಯ ಬತ್ತದೆ" ಎಂದು ಗೋಗರೆದರು. ಹಸಿದ ಹೊಟ್ಟೆಗಳು ಜಾಕ್ ನಿಕ್ಲಾಸನ ಪರವಾಗಿ ಒಂದಾದವು. ಅಮೆರಿಕದಲ್ಲೂ ಆತನಿಗೆ ಇಷ್ಟು ಬೆಂಬಲ ಸಿಕ್ಕಿರಲಾರದು!

ಚಿಕ್ಕಸ್ವಾಮಿ ಕಣ್ಣು ಮುಚ್ಚಿದ. "ದ್ಯಾವ್ರಾಜಣ್ಣ... ನಿಂಗೋಸ್ಕರ... ಕರಡಿನೇ... ದೊಡ್ಡೋನು."

ಕಾಗೆ ಎದ್ದು, ಹಿಂದು ಮುಂದಾಗಿ ತಿರುಗಿ, ಎಲ್ಲರಿಗೂ ಬೆನ್ನು ಹಾಕಿ ಕುಳಿತಿತು.

"ನೋಡಿದ್ರಾ!" ಚಿಕ್ಕಸ್ವಾಮಿ ಕುಣಿದೇಬಿಟ್ಟ. "ಸುಳ್ಳು ಅಂತ ಅಣ್ಣಂಗೂ ಗೊತ್ತಾಯ್ತು! ಅಲ್ಲಿಗೋದ್ ಮೇಲೆ ಬುದ್ಧಿ ಬಂದದೆ. ಉಲಿನೇ ದೊಡ್ಡೋನು!"

ಮುದ್ದಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ಏನಂದೆ? ದೊಡ್ಡ ಪಂದ್ಯ ಎಷ್ಟಪ್ಪ ಗೆದ್ದವ್ನೆ ನಿನ್ ಉಲಿ?"

"ಅದಿನಾಕು."

"ಕರಡಿ?"

"...ಅದಿನೆಂಟು."

"ಅದಿನೆಂಟಕ್ಕಿಂತ ಅದಿನಾಕು ದೊಡ್ಡದು ಅಂತ ಯಾವ ಮೇಷ್ಟ್ರು ಏಳ್ಕೊಟ್ರು? ನಾನು ಮೂರ್ನೇ ಕ್ಲಾಸು, ನಂಗೇ ಗೊತ್ತು!"

"ಅವ್ನಿಗಿನ್ನೂ ವಯಸ್ಸದೆ ಅಕ್ಕ! ಮೂವತ್ತೆರಡು!"

"ಕರಡಿ ಕೊನೇದು ಗೆದ್ದಾಗ ನಲವತ್ತಾರು! ಮೊಣಕಾಲು ಸವೆಯೋ ವಯಸ್ಸು!"

"ನಮ್ಮೋನು ಮುರಿದ ಕಾಲಲ್ಲಿ ಗೆದ್ದ!"

"ನಮ್ಮ ಯಜಮಾನ್ರು ಗೇಣುದ್ದ ಮುಳ್ಳು ಚುಚ್ಚಿದ ಕಾಲಲ್ಲಿ ಮೈದಾನದ ಉಲ್ಲೆಲ್ಲ ಕತ್ತರಿಸಿದ್ರು. ಯಾರು ಕಪ್ಪು ಕೊಟ್ರು? ಕರಡಿ ಅತ್ತೊಂಬತ್ತು ಸಲ ಎರಡ್ನೆಯೋನಾದ. ಸೋತೋರ ಕಷ್ಟ ಅವ್ನಿಗೆ ಗೊತ್ತು. ಸೋತೋರ ಬಾಗ್ಲಿಗೆ ಓಗಿ ಕುಂಟಿ ತೋರಿಸ್ಲಿಲ್ಲ!"

ಚಿಕ್ಕಸ್ವಾಮಿ ತನ್ನ ಕಾಲನ್ನೇ ನೋಡಿಕೊಂಡ. ತನ್ನ ಬೆರಳು ಗಾಳಿಯಲ್ಲಿ ಅಲ್ಲಾಡುತ್ತಿರುವುದನ್ನು ಮುದ್ದಮ್ಮ ಆಗ ನೋಡಿದಳು. ದೇವರಾಜು ಅಲ್ಲಾಡಿಸುತ್ತಿದ್ದುದು ಹಾಗೆಯೇ. ಇಷ್ಟು ವರ್ಷ ಮುದ್ದೆ ತಿರುವುತ್ತ ತಾನು ಕೇಳಿಸಿಕೊಂಡೇ ಇಲ್ಲ ಎಂದುಕೊಂಡಿದ್ದದ್ದು ಒಂದೂ ಬಿಡದೆ ಒಳಗೆ ಕುಳಿತಿತ್ತು.

"ಕಾಗೆ! ಕಾಗೆ!" ಎಂದು ಕಿರುಚಿದಳು ರಾಚಮ್ಮ.

ಜಗಳ ಏರಿದ ಹೊತ್ತಿನಲ್ಲೇ ಅದು ಇಳಿದುಬಿಟ್ಟಿತ್ತು. ಮಟನ್ ನೋಡಿತು, ಬೇಡವೆಂದಿತು. ಕಜ್ಜಾಯ ನೋಡಿತು, ಬೇಡವೆಂದಿತು. ಮೊಟ್ಟೆಯನ್ನೂ ದಾಟಿತು. ಗಾಲ್ಫ್ ಚೆಂಡನ್ನು ಕೊಕ್ಕಿಗೆ ಸಿಕ್ಕಿಸಿಕೊಂಡು ಹಾರಿತು!

"ಮುಟ್ತು! ಬಡಿಸಿ!" ಎಂದ ನಂಜುಂಡಸ್ವಾಮಿ.

"ಎಡೆ ಎಲ್ಲಿ ಮುಟ್ತು? ಚೆಂಡು ಎಡೆಯಾ?" ಎಂದಳು ರಾಚಮ್ಮ.

ಎರಡನೆಯ ಮಹಾಚರ್ಚೆ ಶುರುವಾಗಬೇಕು, ಅಷ್ಟರಲ್ಲಿ ಮೇಲಿನಿಂದ ಫಳ್ ಎಂದು ಸದ್ದಾಯಿತು. ಕೊಕ್ಕಿನಿಂದ ಜಾರಿದ ಚೆಂಡು ಅಡಿಗೆಮನೆಯ ಮೇಲೆ ಬಿದ್ದಿತ್ತು. ಒಡೆದ ಹೆಂಚಿನ ಚೂರು ಉರುಳಿ ಬಂದು ಮುದ್ದಮ್ಮನ ಕಾಲ ಬಳಿ ನಿಂತಿತು.

ಅವಳು ಅದನ್ನು ಎತ್ತಿಕೊಂಡಳು.

"ಅವ್ರೇ ಕಣಕ್ಕ" ಎಂದಳು. "ಇನ್ಯಾರ್ಗೂ ಅಷ್ಟು ಸರ್ಯಾಗಿ ಗುರಿ ತಪ್ಪಾಕಿಲ್ಲ."

ನೆಂಟರು ನಕ್ಕರು. ಅವಳೂ ನಕ್ಕಳು. ಆಮೇಲೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಹೋಗಿ, ಸ್ವಲ್ಪ ಹೊತ್ತು ಬಿಟ್ಟು ಸಾರಿನ ಪಾತ್ರೆ ಹಿಡಿದು ಬಂದಳು.

ಎಲೆ ಹಾಕುವಾಗ ನಂಜುಂಡಸ್ವಾಮಿ ಕೆಣಕಿದ. "ಗಾಲ್ಫ್ ಮಾತೆತ್ತಿದೋರ್ಗೆ ಎಲೆ ಇಲ್ಲ ಅಂದಿದ್ರಿ ಅತ್ಗೆ. ಈಗ ನೋಡುದ್ರೆ ಮೊದಲನೇ ಕಳ್ಳಿ ನೀವೇ!"

"ಎಲೆ ಇಲ್ಲ ಅಂದೆ. ತಟ್ಟೆ ಇಲ್ಲ ಅಂದ್ನಾ?" ಎಂದು ಮುದ್ದಮ್ಮ ಎರಡು ಸ್ಟೀಲ್ ತಟ್ಟೆ ತಂದಳು. ಒಂದು ತನಗೆ. ದೇವರಾಜುವಿನದನ್ನು ಚಿಕ್ಕಸ್ವಾಮಿಗೆ ಕೊಟ್ಟಳು. ಅವನು ತಲೆ ಎತ್ತದೆ ಎರಡು ಮುದ್ದೆ ಉಂಡ.

ಕೈ ತೊಳೆದು ಹೊರಟವನು ಹೊಸ್ತಿಲಲ್ಲಿ ತಡೆದು ನಿಂತ. "ಮುಂದಿನ ಪಕ್ಷಕ್ಕೆ ಬರ್ಲಾ ಅಕ್ಕ?"

"ಬಾ. ನಿನ್ ಉಲಿಗೆ ಇನ್ನೂ ನಾಕು ಬಾಕಿ ಅವೆ. ಎಷ್ಟಾಯ್ತು ಅಂತ ಏಳೀವಂತೆ." ಮುದ್ದಮ್ಮ ತಲೆಯೆತ್ತಿ, ಬೆಳಕು ಬೀಳುತ್ತಿದ್ದ ಸೂರಿನ ತೂತು ನೋಡಿದಳು. "ಬರೋವಾಗ ಎರಡು ಎಂಚು ತಕ್ಕೊಂಡ್ ಬಾ. ಅವ್ರೂ ಬತ್ತಾರೆ."