ಬೇಡ ಎನ್ನಲಾರದವನ ವಾಕಿಂಗು

ಕರೆದವರಿಗೆ ಬೇಡ ಎನ್ನಲು ನನಗೆ ಬರುವುದಿಲ್ಲ. ಮದುವೆಮನೆಯಲ್ಲಿ ಮೂರನೆಯ ಸಲ ಪಾಯಸ ಬಂದರೂ ಎಲೆಗೆ ಕೈ ಅಡ್ಡ ಹಿಡಿಯುವವನಲ್ಲ. ಈ ದೌರ್ಬಲ್ಯ ನಾಲಿಗೆಯದು ಮಾತ್ರ ಎಂದುಕೊಂಡಿದ್ದೆ. ಚಿಕ್ಕಮಗಳೂರಿಗೆ ಬಂದ ಮೇಲೆ ಅದು ಕಾಲಿಗೂ ಇಳಿಯಿತು.

ಗೋಣಿಬೀಡಿನ ಹತ್ತಿರದ ಎಸ್ಟೇಟೊಂದರಲ್ಲಿ ನಾನು ರೈಟರ್ ಆಗಿದ್ದೆ. ಕತೆ ಬರೆಯುವ ರೈಟರ್ ಅಲ್ಲ, ಕೂಲಿಯಾಳುಗಳ ಹಾಜರಿ ಬರೆಯುವ ರೈಟರ್. ದಿನವಿಡೀ ತೋಟದ ಏರು ಇಳಿಜಾರಿನಲ್ಲೇ ನಡಿಗೆ. ನಿವೃತ್ತನಾಗಿ ಚಿಕ್ಕಮಗಳೂರಿನ ಅಂಚಿನ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸಿದೆ. ಸೈಟು ಕೊಂಡಾಗ ಸುತ್ತ ಕಪ್ಪೆಗಳದ್ದೇ ಸದ್ದು. ಗೃಹಪ್ರವೇಶದ ಹೊತ್ತಿಗೆ ಮೂರು ಅಂತಸ್ತಿನ ಮನೆಗಳೆದ್ದು, ಒಂದೊಂದರ ಮುಂದೆ ಎರಡೆರಡು ಕಾರು ನಿಂತಿದ್ದವು. ಪಕ್ಕದ ಮನೆಗೆ ಕರಿಬೇವು ಕೇಳಲು ಹೋದರೂ ಮೊದಲು ಗೇಟಿನ ಕ್ಯಾಮೆರಾ ನೋಡಿ ನಗಬೇಕು. ನಡೆಯುವ ಕೆಲಸವೇ ಇಲ್ಲದೆ ನನಗೆ ಸಕ್ಕರೆ ಕಾಯಿಲೆ ಬಂತು. ದಿನಾ ಮುಕ್ಕಾಲು ಗಂಟೆ ನಡೆಯಿರಿ ಎಂದರು ಡಾಕ್ಟರು.

ಮೊದಲ ದಿನ ತಿರುವು ದಾಟುವಷ್ಟರಲ್ಲಿ ಎದುರುಮನೆಯ ಚಂದ್ರೇಗೌಡರ ಕಾರು ಪಕ್ಕದಲ್ಲೇ ನಿಂತಿತು. ಜಾವಳಿ ಕಡೆ ತೋಟವಿರುವವರು.

“ಎಂತ ರೈಟರ್ರೇ, ಗಾಡಿ ಕೈ ಕೊಡ್ತಾ?”

“ಗಾಡಿ ಎಲ್ಲಿದೆ ಗೌಡ್ರೆ? ಸುಮ್ನೆ ವಾಕಿಂಗು.”

“ನೀವು ನಡ್ಕೊಂಡು, ನಾನು ಕಾರಲ್ಲಿ! ನೋಡಿದೋರು ಏನಂದಾರು? ಹತ್ತಿ ಮಾರಾಯ್ರೆ.”

ಹತ್ತಿದೆ. ಪೇಟೆಯಲ್ಲಿ ಇಳಿದ ಮೇಲೆ ಅವರು ದೋಸೆಗೆ ಕರೆದರು. ಅದಕ್ಕೂ ಬೇಡ ಎನ್ನಲಾಗಲಿಲ್ಲ. ವಾಪಸು ಬರುವಾಗ ಇನ್ನೊಬ್ಬರ ಕಾರು ಸಿಕ್ಕಿತು. ಹೀಗೇ ಒಂದು ತಿಂಗಳು. ನಮ್ಮ ಬಡಾವಣೆಯಲ್ಲಿ ನಡೆಯುವ ಮನುಷ್ಯ ಎಂದರೆ ಕಾರು ಕೆಟ್ಟವನು ಎಂದೇ ಎಲ್ಲರ ನಂಬಿಕೆ.

“ವಾಕಿಂಗ್ ಹೋಗ್ತಿದ್ದೀರಾ?” ಎಂದು ಡಾಕ್ಟರು ಕೇಳಿದಾಗ, “ದಿನಾ ಹೊರಡ್ತೀನಿ” ಎಂದೆ. ಸುಳ್ಳೇನಲ್ಲ. ಸಕ್ಕರೆ ಮಾತ್ರ ಏರಿತ್ತು.

“ಪಂಚೆ ಉಟ್ಕೊಂಡು ಹೋದ್ರೆ ಬಸ್ಸು ತಪ್ಪಿದೋರ ಹಾಗೆ ಕಾಣ್ತೀರಿ,” ಎಂದು ನನ್ನ ಹೆಂಡತಿ ಸಾವಿತ್ರಿ ಹೊಸ ಶೂ ತಂದುಕೊಟ್ಟಳು. ಮರುದಿನ ಗೌಡರು ಶೂ ನೋಡಿ, “ಇಷ್ಟು ಒಳ್ಳೇದು ಹಾಕ್ಕೊಂಡು ಈ ಧೂಳಲ್ಲಿ ನಡೀತಾರೇನ್ರಿ?” ಎಂದು ಬಾಗಿಲು ತೆರೆದರು.

ಕೊನೆಗೆ ಸಾವಿತ್ರಿಯೇ ಅವರ ಗೇಟಿನ ಮುಂದೆ ಹೋಗಿ ನಿಂತಳು. “ಅಣ್ಣ, ಇವ್ರನ್ನ ದಯವಿಟ್ಟು ಹತ್ತಿಸ್ಕೋಬೇಡಿ. ಡಾಕ್ಟ್ರು ಬೈದಿದ್ದಾರೆ.” ಸಂಜೆಯೊಳಗೆ ವಿಷಯ ಬಡಾವಣೆಯ ವಾಟ್ಸಾಪ್ ಗುಂಪಿಗೆ ಹೋಯಿತು.

ಆಮೇಲೆ ಒಂದು ಕಾರೂ ನಿಲ್ಲಲಿಲ್ಲ. ಗಾಜಿನೊಳಗಿಂದ ಒಂದು ಕೈ ಆಡುತ್ತಿತ್ತು, ಅಷ್ಟೇ. ಸಕ್ಕರೆ ಇಳಿಯಿತು, ಸಾವಿತ್ರಿ ಗೆದ್ದಳು. ನನಗೆ ಮಾತ್ರ ಏನೋ ಕಳೆದುಕೊಂಡ ಹಾಗೆ. ಒಂದು ದಿನ ಗೌಡರ ತಾಯಿ ಗೋಡೆ ಹಿಡಿದು ನಡೆಯುತ್ತಿದ್ದುದು ಕಂಡಿತು. ಬಚ್ಚಲಲ್ಲಿ ಜಾರಿಬಿದ್ದು, ಆಸ್ಪತ್ರೆಯಲ್ಲಿದ್ದು ಬಂದು ಆಗಲೇ ಹದಿನೈದು ದಿನವಂತೆ. ಎದುರುಮನೆಯಲ್ಲಿದ್ದೂ ನನಗೆ ಗೊತ್ತಾಗಿರಲಿಲ್ಲ. “ನೀವು ಕಾರು ಹತ್ತೋದು ಬಿಟ್ರಲ್ಲ, ಹೇಳೋದು ಎಲ್ಲಿ?” ಎಂದರು ಗೌಡರು. ಆಗ ಹೊಳೆಯಿತು. ಈ ಊರಿನಲ್ಲಿ ಯಾರಿಗೂ ಯಾರ ಜಗಲಿಯಲ್ಲೂ ಕೂರಲು ಪುರುಸೊತ್ತಿಲ್ಲ. ನಮಗಿದ್ದ ಜಗಲಿ ಎಂದರೆ ಕಾರಿನ ಮುಂದಿನ ಸೀಟೊಂದೇ.

ಈಗ ನಾನೊಂದು ಉಪಾಯ ಕಂಡುಕೊಂಡಿದ್ದೇನೆ. ಮೊದಲು ಬಡಾವಣೆಯ ಹಿಂದಿನ ಮಣ್ಣುರಸ್ತೆಯಲ್ಲಿ, ಯಾರ ಕಣ್ಣಿಗೂ ಬೀಳದೆ, ಮುಕ್ಕಾಲು ಗಂಟೆ ಪ್ರಾಮಾಣಿಕವಾಗಿ ನಡೆಯುತ್ತೇನೆ. ಆಮೇಲೆ ದೊಡ್ಡ ರಸ್ತೆಗೆ ಬಂದು, ಹೆಜ್ಜೆ ನಿಧಾನ ಮಾಡಿ, ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತೇನೆ. ಆದರೂ ಸಾವಿತ್ರಿಯ ಭಯಕ್ಕೆ ಯಾರೂ ನಿಲ್ಲಿಸುತ್ತಿರಲಿಲ್ಲ. ಮೊನ್ನೆ ಧೈರ್ಯ ಮಾಡಿ ಸ್ವಲ್ಪ ಕುಂಟಿದೆ. ಎರಡು ಕಾರು ಒಟ್ಟಿಗೇ ನಿಂತವು. ಯಾವುದನ್ನು ಹತ್ತಲಿ ಎಂದು ಯೋಚಿಸುವ ಗಡಿಬಿಡಿಯಲ್ಲಿ, ಕುಂಟುತ್ತಿದ್ದದ್ದು ಯಾವ ಕಾಲು ಎಂಬುದೇ ಮರೆತುಹೋಯಿತು.